ಹೊಸ್ತಿಲಲ್ಲಿ ನೀಲಿಯಾದ ಕೆಂಪು ಸೀರೆ

ಕನ್ನಡಕ ಹುಡುಕಲು ಕೂತವನಿಗೆ ಕನ್ನಡಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನಿನ್ನೆ ಊಟವಾದ ಮೇಲೆ ತಗಡಿನ ಟ್ರಂಕಿನ ಮುಂದೆ ಕೂತೆ. ಹಿಡಿ ಮುರಿದ ಕತ್ತರಿ ಸಿಕ್ಕಿತು. ಒಂದೇ ಕಾಲಿನ ಜೋಡು ಸಿಕ್ಕಿತು. ಯಾವುದೋ ಮದುವೆಯಲ್ಲಿ ಆಯೇರಿಯಾಗಿ ಬಂದು, ಇಂದಿನವರೆಗೂ ತಲೆಯ ಮುಖ ಕಾಣದ ರುಮಾಲು ಸಿಕ್ಕಿತು. ಎಲ್ಲದರ ಅಡಿಯಲ್ಲಿ ಎರಡು ಬೆರಳಗಲದ ಒಂದು ಅರಿವೆಯ ಪಟ್ಟಿ. ಅರ್ಧ ಕೆಂಪು, ಅರ್ಧ ಮಸಿನೀಲಿ.

ಸೊಸೆ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮಾವಾರ, ಆ ಚಿಂದಿ ಇತ್ತಾಗ ಕೊಡ್ರಿ. ಕಂದೀಲ ಒರಸಾಕರ ಬರತೈತಿ."

"ಅದನ್ನ ಮುಟ್ಟಬ್ಯಾಡವಾ. ಅದು ನನ್ನ ಸರ್ಟಿಫಿಕೀಟ."

"ಯಾತರದ್ದರಿ?"

"ಸುಳ್ಳ ಹೇಳಿ ಸಿಕ್ಕೊಂಡಿದ್ದರದ್ದು."

ಅವಳು ನಕ್ಕು ಒಳಗೆ ಹೋದಳು. ಕನ್ನಡಕ ಇನ್ನೂ ಸಿಕ್ಕಿಲ್ಲ. ಈ ಬರಹದಲ್ಲಿ ಸಾಲು ಸೊಟ್ಟಗೆ ಹೋಗಿದ್ದರೆ ತಪ್ಪನ್ನು ಅದರ ಮೇಲೆ ಹಾಕಿಬಿಡಿ. ವ್ಯಾಪಾರಿಯಾದವನಿಗೆ ತಪ್ಪು ಹಾಕಲು ಏನಾದರೊಂದು ಬೇಕೇ ಬೇಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾರೂ ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಹಳೆಯ ಚಟ. ಅರಿವೆಯನ್ನು ಅಂಗಡಿಯ ಒಳಗೆ ಕೂತು ಕೊಳ್ಳಬೇಡಿ. ಬಿಸಿಲಿಗೆ ತಂದು ನೋಡಿ. ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಪಂಚೆಗೆ ಉಜ್ಜಿ. ಅಂಗಡಿಯವನು ದೇವರ ಮೇಲೆ ಆಣೆ ಇಟ್ಟನೋ, ಇನ್ನೆರಡು ಮೂಲೆಗಳನ್ನು ಒದ್ದೆ ಮಾಡಿ. ಇದನ್ನು ಹೇಳುತ್ತಿರುವವನು ಮೂವತ್ತು ವರ್ಷ ಅಂಗಡಿಯ ಒಳಗೆ ಕೂತೇ ಮಾರಿದವನು. ಆದ್ದರಿಂದ ನಂಬಬಹುದು.

ಬಣ್ಣ ಎನ್ನುವುದು ಮನುಷ್ಯರ ಹಾಗೆ ಎದುರಿಗೆ ಯಾರು ಬಂದರು ಎಂಬುದನ್ನು ನೋಡಿ ಮುಖ ಬದಲಿಸುತ್ತದೆ ಎಂದು ನನಗೆ ಮೊದಲು ತಿಳಿದದ್ದು ಸುರೇಬಾನದ ಸಾಲಿಯಲ್ಲಿ. ನಮ್ಮದು ನೇಕಾರರ ಓಣಿ. ಕುಳಿಮಗ್ಗದ ಸದ್ದಿನಲ್ಲೇ ಹುಟ್ಟಿ, ನೂಲಿಗೆ ಹಚ್ಚುವ ಗಂಜಿಯ ವಾಸನೆಯಲ್ಲೇ ಬೆಳೆದವರು. ಅಪ್ಪ ಬೇಗ ಹೋದ. ಅವ್ವ ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನಗೋ ಮಗ್ಗಿ ಬಾಯಿಗೆ ಹತ್ತುತ್ತಿರಲಿಲ್ಲ. ಒಂದು ದಿನ ಮೊಣಕಾಲಿಗೆ ಅರಿಷಿಣ ಬಳಿದುಕೊಂಡೆ, ಮುದುಕಿಯೊಬ್ಬಳ ಎಲೆಯಡಿಕೆ ಚೀಲದಿಂದ ಒಂದು ಚಿಟಿಕೆ ಸುಣ್ಣ ಕದ್ದು ಅದರ ಮೇಲೆ ತಿಕ್ಕಿದೆ. ರಕ್ತದಂಥ ಕೆಂಪು ಬಂತು. ಕುಂಟುತ್ತ ಸಾಲಿಗೆ ಹೋಗಿ, "ಮಾಸ್ತರ, ಬಿದ್ದೇನ್ರಿ, ಮನಿಗೆ ಹೋಗ್ತೇನ್ರಿ" ಎಂದು ಅತ್ತೆ.

ಮಾಸ್ತರರು ಕರುಣಾಳು. ಸಾಲಿಯ ಹಿಂದೆಯೇ ಅವರ ಮನೆ. ಹೆಂಡತಿಯನ್ನು ಕೂಗಿ ನೀರು ತರಲು ಹೇಳಿದರು. ಆ ತಾಯಿ ಸಾರಿಗೆ ಹುಣಸೆ ಕಿವುಚುತ್ತಿದ್ದವರು ಕೈ ತೊಳೆಯದೆ ಓಡಿ ಬಂದು, ಅದೇ ಕೈಯಿಂದ ನನ್ನ ಮೊಣಕಾಲು ಒರೆಸಿದರು. ರಕ್ತವೆಲ್ಲ ಹಳದಿಯಾಯಿತು!

"ರೀ, ಈ ಹುಡುಗನ ರಕ್ತ ಅರಿಷಿಣ ಆಗೇತಿ ನೋಡ್ರಿ" ಎಂದರು ಅವರು.

ಮಾಸ್ತರರು ಬಡಿಯಲಿಲ್ಲ. ನನ್ನನ್ನು ನಿಲ್ಲಿಸಿ, ಸುಣ್ಣ ತರಿಸಿ ಮತ್ತೆ ಕೆಂಪು ಮಾಡಿಸಿ, ಹುಣಸೆ ನೀರು ತರಿಸಿ ಮತ್ತೆ ಹಳದಿ ಮಾಡಿಸಿ, ಇಡೀ ಸಾಲಿಗೆ ತೋರಿಸಿದರು. ಬಡಿದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಆಮೇಲೆ ಒಂದು ವರ್ಷ ನಿಜವಾಗಿ ಬಿದ್ದಾಗಲೂ ಯಾರೂ ನಂಬಲಿಲ್ಲ, ಗಾಯದ ಮೇಲೆ ಹುಣಸೆಹಣ್ಣು ಇಡಲು ಬರುತ್ತಿದ್ದರು.

ಇಷ್ಟು ಪಾಠವಾಗಿಯೂ ನಾನು ಬಣ್ಣದಲ್ಲೇ ಇನ್ನೊಮ್ಮೆ ಸುಳ್ಳು ಹೇಳಿದೆ. ಆ ಹೊತ್ತಿಗೆ ನಾನು ಚನ್ನಪ್ಪ ಸಾವಕಾರ ಆಗಿದ್ದೆ. ಸುರೇಬಾನದಲ್ಲಿ ನೇಯ್ದ ಸೀರೆಗಳನ್ನು ಹೆಗಲ ಮೇಲೆ ಹೊತ್ತು ಸವದತ್ತಿ, ಬೈಲಹೊಂಗಲ, ಕಿತ್ತೂರು ಎಂದು ತಿರುಗಿ, ಆಮೇಲೆ ಕತ್ತೆಯ ಮೇಲೆ ಹೇರಿ ತಿರುಗಿ, ಕೊನೆಗೆ ರಾಮದುರ್ಗದ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದಿದ್ದೆ. ಕತ್ತೆಯನ್ನು ಮಾರಿದ ದಿನ ಮನಸ್ಸಿಗೆ ಕೆಡುಕೆನಿಸಿತು. ಅದು ನನ್ನೊಡನೆ ಒಮ್ಮೆಯೂ ಚೌಕಾಸಿ ಮಾಡಿರಲಿಲ್ಲ.

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಸೋಲಿಸಿದವರಲ್ಲಿ ಮೊದಲ ಹೆಸರು ದೇಗಾಂವದ ಬಸಲಿಂಗವ್ವನದು. ಕಿತ್ತೂರಿನ ಸಂತೆಗೆ ಅವಳು ಬಂದಳೆಂದರೆ ಬಳೆಗಾರರು ಗಂಟು ಕಟ್ಟುತ್ತಿದ್ದರು. ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮಾಡಿಸಿ ಮಗನನ್ನು ಬೆಳೆಸಿದವಳು. ಅರಿವೆಯನ್ನು ಅವಳು ಕಣ್ಣಿನಿಂದ ನೋಡುತ್ತಿರಲಿಲ್ಲ, ಮೂಗಿಗೆ ಹಿಡಿಯುತ್ತಿದ್ದಳು. ಆಗ ನಮ್ಮ ಕಡೆ ಒಳ್ಳೆಯ ಕೆಂಪೆಂದರೆ ಬೇರಿನ ಕೆಂಪು. ಮರದ ಬೇರನ್ನು ಕುಟ್ಟಿ, ನೂಲನ್ನು ಎಣ್ಣೆಯಲ್ಲಿ, ಸಗಣಿ ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಅದ್ದಿ, ಇಪ್ಪತ್ತು ದಿನ ಒದ್ದಾಡಿದರೆ ಬರುವ ಬಣ್ಣ. ಅದಕ್ಕೊಂದು ಘಾಟು ವಾಸನೆ. ತಾಯಿ ಉಟ್ಟ ಸೀರೆಯನ್ನು ಮಗಳು ಉಟ್ಟರೂ ಬಣ್ಣವೂ ಹೋಗದು, ವಾಸನೆಯೂ ಹೋಗದು.

"ನನ್ನ ಮೂಗಿಗೆ ಮೋಸ ಮಾಡೋ ಗಂಡಸ ಇನ್ನೂ ಹುಟ್ಟಬೇಕು" ಎಂದು ಬಸಲಿಂಗವ್ವ ಸಂತೆಯ ನಡುವೆ ನಿಂತು ಹೇಳುತ್ತಿದ್ದಳು. ಹುಟ್ಟಿ ಬಹಳ ವರ್ಷವಾಗಿದ್ದ ನಾನು ಎದುರಿಗೇ ಕೂತಿರುತ್ತಿದ್ದೆ.

ಮಗ ಶಿವಲಿಂಗನಿಗೆ ಬೈಲಹೊಂಗಲದ ಹುಡುಗಿ ಗೊತ್ತಾಯಿತು. ಹತ್ತಿಯ ಮೂಟೆ ಹೇರುವ ಚಕ್ಕಡಿಯ ಈರಪ್ಪನ ಮಗಳು, ಶಾಂತವ್ವ. ಬಸಲಿಂಗವ್ವ ಮದುಮಗಳ ಕೆಂಪು ಸೀರೆಯನ್ನು ನನಗೆ ಹೇಳಿದಳು. ಬೇರಿನ ಕೆಂಪೇ ಆಗಬೇಕು, ಹತ್ತು ದಿನದಲ್ಲಿ ಬೇಕು. ನಾನು ಆಗಲಿ ಎಂದೆ. ಗಿರಾಕಿಗೆ ಆಗುವುದಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿದ್ದುದು ಅಪರೂಪ.

ರಾಮದುರ್ಗದಲ್ಲಿ ನನಗೆ ಬಣ್ಣ ಹಾಕಿಕೊಡುತ್ತಿದ್ದವನು ಫಕೀರಪ್ಪ. ಮೊಳಕೈವರೆಗೆ ಕೆಂಪಾದ ಕೈಗಳು, ತಣ್ಣನೆಯ ಮಾತು. ನನ್ನ ಹತ್ತು ದಿನದ ಮಾತು ಕೇಳಿ ಅವನು ಗೂಡಿನಿಂದ ಒಂದು ತಗಡಿನ ಡಬ್ಬಿ ಇಳಿಸಿದ. ಮುಂಬೈಯಿಂದ ಬಂದ ವಿಲಾಯತಿ ಪುಡಿ. ಮೇಲೆ ಕಮಲದಲ್ಲಿ ಕೂತ ಲಕ್ಷ್ಮಿಯ ಚಿತ್ರ.

"ಇದಕ್ಕ ಎಣ್ಣಿ ಬ್ಯಾಡ, ಸಗಣಿ ಬ್ಯಾಡ. ಬಿಸಿನೀರಾಗ ಒಂಚೂರು ಉಪ್ಪ, ಸೋಡಾ ಹಾಕಿ ಅದ್ದಿದರ ಆತು. ಒಂದ ತಾಸಿನಾಗ ಕೆಂಪ" ಎಂದ.

"ತೊಳದರ ಹೋಗತೇತೇನು?"

"ಯಾರಿಗೆ ಗೊತ್ತ? ಡಬ್ಬಿ ಮ್ಯಾಲ ದೇವರ ಅದಾಳಲ್ಲ, ಆಕೀನ್ನ ಕೇಳ."

ದೇವರ ಚಿತ್ರ ನೋಡಿ ನಾನು ಒಪ್ಪಿದೆ. ಆ ಲಕ್ಷ್ಮಿಯನ್ನು ಬರೆದವರು ಸಮುದ್ರದ ಆಚೆಯವರು, ಅವರಿಗೆ ನಮ್ಮಂಥವರ ಸ್ವಭಾವ ಗೊತ್ತಿತ್ತು. ಬಣ್ಣವೇನೋ ಕಣ್ಣು ಕುಕ್ಕುವ ಹಾಗೆ ಬಂತು. ಆದರೆ ವಾಸನೆ ಇರಲಿಲ್ಲ. ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಬೇರೆಯವರು ಮುಂಗಡ ಕೊಟ್ಟಿಟ್ಟಿದ್ದ ಬೇರಿನ ಬಣ್ಣದ ನಾಲ್ಕು ಹೊಸ ಸೀರೆಗಳ ನಡುವೆ ಇದನ್ನು ಮಡಿಸಿಟ್ಟು, ಮೇಲೆ ಬೀಸುವ ಕಲ್ಲು ಹೇರಿ, ನಾಲ್ಕು ದಿನ ಬಿಟ್ಟೆ. ಐದನೆಯ ದಿನ ನಾನೇ ಮೂಸಿ ನೋಡಿದೆ. ನನಗೇ ಮೋಸವಾಗುವಂತಿತ್ತು.

ಬಸಲಿಂಗವ್ವ ಸೀರೆಯನ್ನು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದಳು.

"ಹಾಂ. ಇದು ಬೇರಿನ ಕೆಂಪು. ಚನ್ನಪ್ಪ, ಆಣಿ ಮಾಡಿ ಹೇಳು."

"ಬೇರಿನದಽ ಅಕ್ಕಾರ. ನಿಮ್ಮ ಮೂಗ ಇರಬೇಕಾದ್ರ ನನ್ನ ಆಣಿ ಯಾಕರಿ?" ಎಂದೆ.

ಆಣೆ ತಪ್ಪಿಸಿಕೊಂಡೆನೆಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಮನೆಗೆ ಬಂದು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಮೂರು ತಿಂಗಳಿಗೆ ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ಈರಪ್ಪ ನನ್ನನ್ನು ಹುಡುಕಿಕೊಂಡು ಬಂದ. ಎತ್ತುಗಳ ಕೊರಳು ಬಿಚ್ಚಿ, ಚಕ್ಕಡಿಯ ಮೂಕಿಗೆ ಒರಗಿ ನಿಂತ.

"ಕಾಕಾರ, ಅಂಥಾದ್ದ ಇನ್ನೊಂದ ಕೆಂಪ ಸೀರಿ ಕೊಡ್ರಿ. ಖರೇ ಬೇರಿನದು. ನಿಮ್ಮ ಕೈಲೆನಽ ಕೊಡ್ರಿ."

"ಯಾಕೋ? ಮೊದಲನೇದಕ್ಕ ಏನಾತು?"

ಅವನು ಹೇಳಿದ್ದು ಇದು. ಬಸಲಿಂಗವ್ವನ ಮನೆಯಲ್ಲಿ ಒಂದು ಪದ್ಧತಿ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ನಿಂಬೆಹಣ್ಣು ನಿವಾಳಿಸಿ, ಹೋಳು ಮಾಡಿ, ಹೊಸ್ತಿಲ ಮೇಲೆ ಇಡುತ್ತಾರೆ. ಸೊಸೆ ಅದನ್ನು ಬಲಗಾಲಿನಿಂದ ತುಳಿದು ಒಳಗೆ ಬರಬೇಕು. ಶಾಂತವ್ವ ತುಳಿದಳು, ರಸ ಚಿಮ್ಮಿತು. ನಿರಿಗೆಯ ಕೆಳಗೆ ಅಂಗೈಯಗಲ ಕೆಂಪು ಕರಿನೀಲಿಯಾಯಿತು. ಬಸಲಿಂಗವ್ವ ಅಂದು ಏನೂ ಆಡಲಿಲ್ಲ. ಶಾಸ್ತ್ರದಂತೆ ಹುಡುಗಿ ತವರಿಗೆ ಬಂದಳು. ತವರಲ್ಲಿ ಸೀರೆಯನ್ನು ಸವಳು ಮಣ್ಣಿನಲ್ಲಿ, ಅಂದರೆ ಅಗಸರು ಅರಿವೆಗೆ ಹಾಕುವ ಆ ಬಿಳಿ ಮಣ್ಣಿನಲ್ಲಿ, ತೊಳೆದರು. ಕಲೆ ಹೋಗಿ ಪೂರಾ ಕೆಂಪಾಯಿತು. ಎಲ್ಲರಿಗೂ ಜೀವ ಬಂತು. ಒಳ್ಳೆಯ ದಿನ ನೋಡಿ ಅದೇ ಸೀರೆ ಉಡಿಸಿ ಮತ್ತೆ ಕಳಿಸಿದರು. ಮತ್ತೆ ಹೊಸ್ತಿಲು, ಮತ್ತೆ ನಿಂಬೆಹಣ್ಣು, ಮತ್ತೆ ಕರಿನೀಲಿ.

"'ತವರಾಗ ಕೆಂಪ, ನಮ್ಮ ಹೊಸ್ತಲದಾಗ ಕರೇದು. ನಮ್ಮ ಮನಿ ಈಕೀನ್ನ ಒಲ್ಲೆ ಅನ್ನಾಕತ್ತೈತಿ' ಅಂದಳ್ರಿ ಬೀಗ್ತಿ. ಬಂದ ಚಕ್ಕಡ್ಯಾಗಽ ತಿರುಗಿ ಕಳಿಸಿದಳು. ದೀಪಾವಳಿ ಆದ ಮ್ಯಾಲ ಮಗಗ ಬ್ಯಾರೆ ಹೆಣ್ಣ ನೋಡತಾಳಂತ. ನನ್ನ ಮಗಳ ಮೂರ ದಿನ ಬಾಳೆ ಮಾಡಿ ಬಂದಾಕಿ ಆಗತಾಳ್ರಿ ಕಾಕಾರ."

ತವರಿನಲ್ಲಿ ತೊಳೆದು ಕೆಂಪಾಗಿರದಿದ್ದರೆ ಸೀರೆ ಕೆಟ್ಟಿತು ಎನ್ನುತ್ತಿದ್ದರು. ಕೆಂಪಾದದ್ದೇ ಆ ಹುಡುಗಿಗೆ ಮುಳುವಾಯಿತು. ಈರಪ್ಪನಿಗೆ ನನ್ನ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವನು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ನಂಬಿ ನಿಂತವನ ಎದುರು ಏನು ಮಾಡುವುದು? ನಾಳೆ ಬರುತ್ತೇನೆ ಎಂದು ಹೇಳಿ ತಪ್ಪಿಸಿಕೊಂಡೆ.

ಹೊಟ್ಟೆಯಲ್ಲಿ ಉರಿ ಎದ್ದಿತು. ಇದು ಬರವಣಿಗೆಯ ಮಾತಲ್ಲ, ನಿಜವಾದ ಉರಿ. ಅದೇ ಊರಿನ ದವಾಖಾನೆಗೆ ಹೋದೆ. ಅಲ್ಲಿ ಕಂಪೌಂಡರ್ ವಾಮನರಾಯರು, ದಪ್ಪ ಮೀಸೆ, ಕೋಟಿನ ತುಂಬ ಔಷಧದ ಕಲೆ. ಬಾಟಲಿಗಳನ್ನು ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿಕೊಂಡವರು. ಅವರ ಮೇಜಿನ ಎದುರು ನಿಂತು ಬಾಯಿ ತೆರೆಯುವಷ್ಟರಲ್ಲಿ ನನಗೆ ವಾಂತಿಯಾಯಿತು. ಬೇರೆಯವರಾಗಿದ್ದರೆ ಬಯ್ಯುತ್ತಿದ್ದರು, ವಾಮನರಾಯರಿಗೆ ಹಿಗ್ಗಾಯಿತು.

"ತಡೀರಿ, ತಡೀರಿ, ಒರಸಬ್ಯಾಡ್ರಿ!" ಎಂದು ಒಂದು ಶೀಶೆಯಿಂದ ಕೆಂಪು ಕಾಗದದ ಚೂರು ತೆಗೆದು ಅದಕ್ಕೆ ಅದ್ದಿದರು. ಕಾಗದ ನೀಲಿಯಾಯಿತು. ಅದೇ ನೀಲಿ!

"ನೋಡ್ರಿ ಸಾವಕಾರ, ನಿಮ್ಮ ಹೊಟ್ಟ್ಯಾಗ ಹುಳಿ ಭಾಳ ಆಗೇದ. ದಾಕ್ತರು ಹಿಂಗಽ ಪರೀಕ್ಷಾ ಮಾಡತಾರ. ಈ ಕಾಗದಕ್ಕ ಹಚ್ಚಿದ ಬಣ್ಣಕ್ಕ ಕಾಂಗೋ ಕೆಂಪು ಅಂತ ಹೆಸರು."

ನಾನು ಉರಿ ಮರೆತೆ. "ಇದನ್ನ ಅರಿವಿಗೂ ಹಾಕತಾರೇನ್ರಿ?"

"ಅರಿವಿಗೆ ಅಂತಽ ಮಾಡಿದ್ದು. ಜರ್ಮನಿಯವರು ಡಬ್ಬಿ ತುಂಬಿ ಕಳಸ್ತಾರ. ಅರಿವಿಗೆ ಹಾಕಿದವರಿಗೆ ಇದು ಐಬು, ನಮ್ಮಂಥವರಿಗೆ ಇದಽ ಗುಣ."

ಅವರಿಗೆ ಕೇಳುವ ಮನುಷ್ಯ ಸಿಕ್ಕಿದ್ದ. ಮೂರು ಗಾಜಿನ ಬಟ್ಟಲು ಇಟ್ಟು, ನೀರಿಗೆ ಆ ಬಣ್ಣದ ನಾಲ್ಕು ಹನಿ ಹಾಕಿದರು. ಒಂದಕ್ಕೆ ನಿಂಬೆರಸ ಹಿಂಡಿದರು. ನೀಲಿ. ಇನ್ನೊಂದಕ್ಕೆ ಮಜ್ಜಿಗೆಯ ತಿಳಿ ಹಾಕಿದರು. ಸ್ವಲ್ಪ ಮಂಕಾಯಿತು ಅಷ್ಟೇ. ಮೂರನೆಯದಕ್ಕೆ ಸೋಡಾ ಪುಡಿ. ಕೆಂಪು ಕೆಂಪಾಗಿಯೇ ಉಳಿಯಿತು. ಆಮೇಲೆ ನೀಲಿಯಾದ ಮೊದಲ ಬಟ್ಟಲಿಗೂ ಸೋಡಾ ಹಾಕಿದರು. ಬುಸಬುಸ ನೊರೆ ಎದ್ದು ಇಳಿಯಿತು. ನೋಡಿದರೆ ಮತ್ತೆ ಕೆಂಪು.

"ಲಿಟ್ಮಸ್ ಅಂತ ಇನ್ನೊಂದ ಕಾಗದ ಅದ. ಅದು ಇದರ ಉಲ್ಟಾ. ಹುಳಿಗೆ ಕೆಂಪಾಗತದ, ಸೋಡಾಕ್ಕ ನೀಲಿ ಆಗತದ. ಅದು ಭಾಳ ನಾಜೂಕು, ಮಜ್ಜಿಗಿಗೂ ಹೆದರತದ. ಈ ಕಾಂಗೋ ಹಂಗಲ್ಲ, ಹುಳಿ ಜೋರ ಇದ್ದರಽ ಇದು ಜಗ್ಗೂದು. ಅದಕ್ಕಽ ಹೊಟ್ಟಿಗೆ ಇದು ಬರೋಬ್ಬರಿ."

"ಅಂದ್ರ ಬಣ್ಣ ಹೋಗಿರೂದಿಲ್ಲಾ?"

"ಎಲ್ಲಿ ಹೋಗತದ? ಅಲ್ಲೇ ಇರತದ. ಹುಳಿ ತಗೀರಿ, ಬರತದ."

ನನ್ನ ಚೀಲದಲ್ಲಿ ಫಕೀರಪ್ಪನ ಪುಡಿಯಲ್ಲೇ ಬಣ್ಣ ಹಾಕಿದ ಮಾದರಿಯ ಒಂದು ಪಟ್ಟಿ ಇತ್ತು. ಅದರ ಅರ್ಧಕ್ಕೆ ನಾನೇ ನಿಂಬೆ ಹಿಂಡಿದೆ. ಅದೂ ನೀಲಿಯಾಯಿತು, ಗುರುತು ಸಿಕ್ಕಿತು. ಉರಿಗೆ ಅವರು ಸೋಡಾ ಪುಡಿಯನ್ನೇ ನೀರಿನಲ್ಲಿ ಕಲಸಿ ಕೊಟ್ಟರು. ಸೀರೆಗೂ ನನಗೂ ಒಂದೇ ಔಷಧ.

ಈಗ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ತಪ್ಪು ತಿಳಿಯಿತು, ಕಾರಣ ತಿಳಿಯಿತು, ಆದರೆ ನನ್ನ ಹೆಸರು ಕೆಡದ ಹಾಗೆ ದಾರಿಯೊಂದು ಇತ್ತು. ನಿಜವಾದ ಬೇರಿನ ಸೀರೆ ನಿಂಬೆಗೆ ಹೆದರುವುದಿಲ್ಲ. ಅದನ್ನು ಪುಕ್ಕಟೆ ಕೊಟ್ಟುಬಿಟ್ಟರೆ ಹುಡುಗಿ ಉಟ್ಟು ಹೋಗುತ್ತಾಳೆ, ಹೊಸ್ತಿಲಲ್ಲಿ ಏನೂ ಆಗುವುದಿಲ್ಲ, ಗ್ರಹ ಕಳೆಯಿತು ಎನ್ನುತ್ತಾರೆ. ನಾನು ಪುಣ್ಯವಂತ! ಮರುದಿನವೇ ರಾಮದುರ್ಗದಿಂದ ಇದ್ದುದರಲ್ಲಿ ಒಳ್ಳೆಯ ಬೇರಿನ ಸೀರೆ ತರಿಸಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಈರಪ್ಪನ ಮನೆಗೆ ಹೋದೆ.

ಶಾಂತವ್ವ ಕಟ್ಟೆಯ ಮೇಲೆ ಹತ್ತಿಯ ಕಸ ಆರಿಸುತ್ತಿದ್ದಳು. ಹದಿನೆಂಟು ಇರಬಹುದು. ಸಣ್ಣ ಮುಖ, ನೇರವಾದ ನೋಟ. ಸೀರೆಯನ್ನು ಕೈಗೆ ತೆಗೆದುಕೊಂಡು ಮಡಿಕೆ ಬಿಡಿಸಲೂ ಇಲ್ಲ.

"ಕಾಕಾರ, ಮೊದಲನೇ ಸೀರಿ ಬೇರಿನ ಕೆಂಪು ಅಲ್ಲ ಅಂತ ನನಗ ಗೊತ್ತೈತ್ರಿ."

"ಯಾರಂದ್ರವಾ?"

"ಯಾರೂ ಅಂದಿಲ್ಲ. ಹುಣಸಿ ರಸಾ ಸೋಸುವಾಗ ಸೆರಗಿಗೆ ಬಿತ್ತು, ಅಲ್ಲೂ ನೀಲಿ ಆತು. ಅದೇನ ನನ್ನ ಅತ್ತಿ ಮನಿ ಹೊಸ್ತಲಾ ಅಲ್ಲಲ್ಲ. ಬೂದಿ ನೀರಾಗ ತೊಳದೆ, ಕೆಂಪಾತು. ಮತ್ತ ಹುಣಸಿ ಹಚ್ಚಿದೆ, ಮತ್ತ ನೀಲಿ. ಆರ ಸರ್ತಿ ಮಾಡಿ ನೋಡೇನಿ."

ಕಂಪೌಂಡರರ ಗಾಜಿನ ಬಟ್ಟಲು, ಶೀಶೆ ಯಾವುದೂ ಇಲ್ಲದೆ ಈ ಹುಡುಗಿ ಅಡಿಗೆಮನೆಯಲ್ಲಿ ಕೂತು ಅದನ್ನೇ ಕಂಡುಕೊಂಡಿದ್ದಳು.

"ಮತ್ಯಾಕ ಯಾರಿಗೂ ಹೇಳಲಿಲ್ಲ?"

"ಅಪ್ಪಗ ಹೇಳಿದೆ, ಹುಚ್ಚಿ ಅಂದ. ಅತ್ತಿ ಮುಂದ ಹೇಳಿದರ ಮಾಟಾ ಕಲ್ತಾಳ ಅಂತಾಳು. ನನ್ನ ಮಾತ ಯಾರ ಕೇಳತಾರ್ರಿ?"

"ಹೋಗಲಿ ಬಿಡವಾ, ಈ ಸೀರಿ ಉಟಗೊಂಡ ಹೋಗು. ಇದಕ್ಕ ಏನೂ ಆಗೂದಿಲ್ಲ. ಎಲ್ಲಾ ಸರಿ ಆಗತೈತಿ."

ಅವಳು ಸೀರೆಯನ್ನು ನನ್ನ ತೊಡೆಯ ಮೇಲೆ ತಿರುಗಿ ಇಟ್ಟಳು.

"ಬ್ಯಾರೆ ಸೀರಿ ಉಟಗೊಂಡ ಹೋದರ ಏನಾಗತೈತ್ರಿ? ಮೊದಲ ಎರಡ ಸರ್ತಿ ಕರೇದಾಗಿದ್ದು ನನ್ನ ಗ್ರಹಚಾರಕ್ಕಽ ಅಂತ ಆತು. ನಾಳೆ ಆ ಮನ್ಯಾಗ ಆಕಳ ಸತ್ತರ ನನ್ನ ಕಾಲ್ಗುಣಾ, ಮಳಿ ತಪ್ಪಿದರ ನನ್ನ ಕಾಲ್ಗುಣಾ. ಜೀವ ಇರೂತನಾ ಹೊರಬೇಕು. ನೀವು ಅಲ್ಲಿಗೆ ಹೋಗಿ ಖರೇ ಹೇಳ್ರಿ. ಇಲ್ಲಾಂದ್ರ ನಾ ಹೋಗೂದಿಲ್ಲ."

"ಹೇಳಿದರ ನನ್ನ ಗತಿ ಏನವಾ? ಆ ಸೀಮ್ಯಾಗ ನನ್ನ ಕೈಲೆ ಒಂದ ಕರವಸ್ತ್ರಾ ಯಾರೂ ಕೊಳ್ಳೂದಿಲ್ಲ."

"ನಿಮಗ ಅಂಗಡಿ ಹೋಗತೈತ್ರಿ. ನನಗ?"

ಸೀರೆಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಎದ್ದೆ. ಮನೆಗೆ ಹೋಗಲಿಲ್ಲ, ನೇರ ದೇಗಾಂವದ ದಾರಿ ಹಿಡಿದೆ. ಮನೆಗೆ ಹೋಗಿದ್ದರೆ ಎರಡನೆಯ ಯೋಚನೆ ಬರುತ್ತಿತ್ತು, ನನ್ನ ಎರಡನೆಯ ಯೋಚನೆಗಳು ಯಾವಾಗಲೂ ನನ್ನ ಪರವಾಗಿಯೇ ಇರುತ್ತವೆ.

ಬಸಲಿಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ಹೆಂಗಸರು ನಾಲ್ಕೈದು ಮಂದಿ. ಮಗ ಶಿವಲಿಂಗ ನೊಗಕ್ಕೆ ಮಿಣಿ ಕಟ್ಟುತ್ತ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಹೆಂಡತಿಯನ್ನು ತಿರುಗಿ ಕಳಿಸಿದಾಗಿನಿಂದ ಅವನು ಗೋಡೆಯ ಕಡೆಗೇ ಕೂತಿರುತ್ತಾನೆಂದು ಆಮೇಲೆ ತಿಳಿಯಿತು.

"ಅಕ್ಕಾರ, ಒಳಗ ಒಂದ ಮಾತು" ಎಂದೆ.

"ಇಲ್ಲೇ ಹೇಳು. ನನ್ನ ಮನ್ಯಾಗ ಒಳಗಿಂದೊಂದು ಹೊರಗಿಂದೊಂದು ಮಾತ ಇಲ್ಲ."

ಹೇಳಿದೆ. ಅದು ಬೇರಿನ ಕೆಂಪಲ್ಲ, ವಿಲಾಯತಿ ಪುಡಿ, ನಿಂಬೆಗೆ ನೀಲಿಯಾಗುತ್ತದೆ ಎಂದು. ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಸುಳ್ಳು. ನಾ ಮೂಸಿ ನೋಡೇನಿ. ಈರಪ್ಪ ನಿನ್ನ ಕಳಿಸ್ಯಾನು. ಎಷ್ಟಕ್ಕ ಬಂದಿ?"

ಆಗ ನನಗೆ ಅರ್ಥವಾಯಿತು. ಸೀರೆ ಸುಳ್ಳೆಂದರೆ ಅವಳ ಮೂಗು ಸುಳ್ಳಾಗುತ್ತಿತ್ತು. ಗಂಡನಿಲ್ಲದ ಹೆಂಗಸು ಇಷ್ಟು ವರ್ಷ ಆ ಮೂಗಿನ ಬಲದಿಂದಲೇ ಸಂತೆಯಲ್ಲಿ ತಲೆಯೆತ್ತಿ ನಡೆದಿದ್ದಳು. ಸೊಸೆಯ ಕಾಲ್ಗುಣ ಕೆಟ್ಟದ್ದೆಂದರೆ ಅವಳದೇನೂ ಹೋಗುತ್ತಿರಲಿಲ್ಲ.

ಚೀಲದಿಂದ ಮಾದರಿಯ ಇನ್ನೊಂದು ತುಂಡು ತೆಗೆದು ಚಾಚಿದೆ. "ನನ್ನ ಮಾತ ಬಿಡ್ರಿ. ನಿಮ್ಮ ಮನಿ ನಿಂಬಿಹಣ್ಣ, ನಿಮ್ಮ ಕೈ. ನೀವಽ ಹಿಂಡ್ರಿ."

ಅವಳು ಹಿಂಡಿದಳು. ಕೆಂಪು ಅವಳ ಅಂಗೈಯಲ್ಲೇ ಕರಿನೀಲಿಯಾಯಿತು. ಹೆಂಗಸರಲ್ಲಿ ಒಬ್ಬಳು, "ಯವ್ವಾ, ಬಸಲಿಂಗಕ್ಕನ ಕೈಯಾಗೂ ಆತಲ್ಲೇ" ಎಂದಳು. ಬಸಲಿಂಗವ್ವನ ಮುಖ ನೋಡಲಾಗಲಿಲ್ಲ. ಸೊಸೆಗೆ ಅವಳು ಹೇಳಿದ ಮಾತು ಈಗ ಅವಳನ್ನೇ ಹುಡುಕಿಕೊಂಡು ಬಂದಿತ್ತು.

ನನಗೆ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. "ನಿಮ್ಮ ಕೈಯೂ ಚಲೋ ಐತಿ, ನಿಮ್ಮ ಸೊಸಿ ಕಾಲೂ ಚಲೋ ಐತಿ" ಎಂದೆ. "ಆರತಿಗೆ ಅರಿಷಿಣ ನೀರಿಗೆ ಸುಣ್ಣ ಹಾಕತೀರಿ, ಕೆಂಪಾಗತೈತಿ. ಅದಕ್ಕ ದೆವ್ವ ಅಂತೀರೇನು? ಇದೂ ಹಂಗಽ. ಇನ್ನ ನಿಮ್ಮ ಮೂಗು. ಅದೂ ಸುಳ್ಳ ಹೇಳಿಲ್ಲ. ವಾಸನಿ ಖರೇ ಬೇರಿನದಽ ಇತ್ತು. ನಾಲ್ಕ ದಿನ ಬೇರಿನ ಸೀರಿ ನಡುವ ಇಟ್ಟು ಕಲ್ಲ ಹೇರಿ ನಾನಽ ಹತ್ತಿಸಿದ್ದೆ. ನಿಮ್ಮ ಮೂಗಿಗೆ ಹೆದರೇ ಅಷ್ಟೆಲ್ಲಾ ಮಾಡಿದ್ದು. ಬ್ಯಾರೇದವರಿಗೆ ಆಗಿದ್ದರ ಹಂಗಽ ಕೊಡತಿದ್ದೆ."

ಆಮೇಲೆ ಬಸಲಿಂಗವ್ವ ನನಗೆ ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ನೀವು ಪುಸ್ತಕ ಮುಚ್ಚುತ್ತೀರಿ. ನನ್ನ ಅಪ್ಪ, ಅಜ್ಜ, ಮಾರಿದ ಕತ್ತೆ ಎಲ್ಲರನ್ನೂ ಕರೆದು ಮಾತಾಡಿಸಿದಳು. ಬೈದು ದಣಿದು, ಮತ್ತೆ ಮೊರ ಎತ್ತಿಕೊಂಡಳು. ಆಗ ಗೋಡೆಯ ಕಡೆಯಿಂದ ಒಂದು ಧ್ವನಿ ಬಂತು.

"ಯವ್ವಾ, ಬೈಲಹೊಂಗಲಕ್ಕ ಚಕ್ಕಡಿ ಹೂಡತೇನಿ."

ತಾಯಿ ಬೇಡವೆನ್ನಲಿಲ್ಲ.

ನನ್ನ ವ್ಯಾಪಾರದ ಗತಿ ಎಣಿಸಿದಂತೆಯೇ ಆಯಿತು. ಆ ಸೀಮೆಯ ಹೆಂಗಸರು ನನಗೆ ನಿಂಬಿಹಣ್ಣಿನ ಚನ್ನಪ್ಪ ಎಂದು ಹೆಸರಿಟ್ಟರು. ಸಂತೆಗೆ ಬಂದರೆ ಸೆರಗಿನ ಗಂಟಿನಲ್ಲಿ ಒಂದು ನಿಂಬೆಹಣ್ಣು ಕಟ್ಟಿಕೊಂಡೇ ಬರುವರು, ಹಿಂಡದೆ ಒಂದು ಕುಪ್ಪಸದ ಖಣವನ್ನೂ ಮುಟ್ಟರು. ನನ್ನ ಅಂಗಡಿಯಲ್ಲಿ ಆಮೇಲೆ ಸುಳ್ಳು ಬಣ್ಣ ಇರಲಿಲ್ಲವೆಂದರೆ ಅದು ನನ್ನ ಹೆಗ್ಗಳಿಕೆಯಲ್ಲ, ಅವರದು. ಪ್ರಾಮಾಣಿಕತೆಗೆ ಒಳ್ಳೆಯ ಮನಸ್ಸು ಬೇಕೆಂದು ದೊಡ್ಡವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಚುರುಕಾದ ಗಿರಾಕಿಗಳಿದ್ದರೆ ಸಾಕು.

ಶಾಂತವ್ವ ಮೂರನೆಯ ಸಲ ಬಂದ ದಿನ ನಾನೂ ಅಲ್ಲಿದ್ದೆ. ಬರಬೇಕೆಂದು ಹುಡುಗಿಯೇ ಹೇಳಿಕಳಿಸಿದ್ದಳು. ಚಕ್ಕಡಿಯಿಂದ ಇಳಿದಾಗ ಮೈಮೇಲೆ ಅದೇ ಸೀರೆ, ತೊಳೆದು ಕೆಂಪಾದದ್ದು. ಓಣಿಯವರೆಲ್ಲ ಕೂಡಿದ್ದರು. ಬಸಲಿಂಗವ್ವ ಈ ಸಲ ಹೊಸ್ತಿಲ ಮೇಲೆ ಏನನ್ನೂ ಇಟ್ಟಿರಲಿಲ್ಲ. ಹುಡುಗಿ ಹೊರಗೇ ನಿಂತಳು.

"ಅತ್ತೀ, ಪದ್ಧತಿ ಬಿಡಬ್ಯಾಡ್ರಿ."

"ಬ್ಯಾಡ ಬಿಡವಾ, ಹಂಗಽ ಬಾ."

"ಇಲ್ಲರಿ. ಎರಡ ಸರ್ತಿ ಹೆಂಗ ಬಂದೆನೋ ಹಂಗಽ ಬರತೇನಿ."

ಬಸಲಿಂಗವ್ವ ಒಳಗೆ ಹೋಗಿ ನಿಂಬೆಹಣ್ಣು ತಂದು, ನಿವಾಳಿಸಿ, ಹೋಳು ಮಾಡಿ ಇಟ್ಟಳು. ಶಾಂತವ್ವ ಬಲಗಾಲಿನಿಂದ ತುಳಿದಳು, ಹೆದರುತ್ತ ತುಳಿಯಲಿಲ್ಲ, ಒತ್ತಿ ತುಳಿದಳು. ನಿರಿಗೆಯ ಕೆಳಗೆ ನೀಲಿ ಹರಡಿತು. ಜನ ನೋಡಿದರು. ಅವಳು ಹೊಸ್ತಿಲ ಮೇಲೆಯೇ ನಿಂತಳು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

ಬಸಲಿಂಗವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಯಾರನ್ನೋ ಕೂಗಿ ಸವಳು ಮಣ್ಣು ಕದಡಿದ ನೀರಿನ ತಂಬಿಗೆ ತರಿಸಿದಳು. ಕಿತ್ತೂರಿನ ಸಂತೆಯನ್ನು ನಡುಗಿಸಿದ ಆ ಹೆಂಗಸು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಬಳಿ ಕೂತಳು. ಸೊಸೆಯ ನಿರಿಗೆಯನ್ನು ಅಂಗೈಯಲ್ಲಿ ಹಿಡಿದು ನೀರು ಹಾಕಿ ತಿಕ್ಕತೊಡಗಿದಳು.

"ಅತ್ತೀ, ನೀವ್ಯಾಕರಿ, ಏಳ್ರಿ" ಎಂದು ಹುಡುಗಿ ಕಾಲು ಹಿಂದೆ ತೆಗೆಯಹೋದಳು.

"ಅಲ್ಲಾಡಬ್ಯಾಡ, ನಿಂದ್ರು" ಎಂದಳು ಬಸಲಿಂಗವ್ವ. "ಎಲ್ಲಾರೂ ನೋಡಲಿ."

ನೀಲಿ ಕರಗಿತು. ಕೆಂಪು ಬಂತು. ಶಾಂತವ್ವ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು. ಅವರ ಹಿಂದೆ ನಾನೂ ಒಂದು ಕಾಲು ಎತ್ತಿದೆ. ಬಸಲಿಂಗವ್ವ ತಿರುಗಿ ನೋಡಿದಳು.

"ನೀ ಎಲ್ಲಿ ಬರಾಕತ್ತಿ? ನಿನಗ ಕಟ್ಟಿ ಐತಿ. ಅಲ್ಲೇ ಕುಂದ್ರು."

ಕೂತೆ. ಒಳಗೆ ಪಂಕ್ತಿ ಎದ್ದ ಮೇಲೆ ಶಾಂತವ್ವ ಒಂದು ಎಲೆ ತಂದು ನನ್ನ ಮುಂದೆ ಹಾಸಿದಳು. ಹೋಳಿಗೆ ಒಂದೇ ಬಿತ್ತು. ಇನ್ನೊಂದು ಕೇಳುವುದು ನನ್ನ ಜಾಯಮಾನ, ಆದರೆ ಅಂದು ಬಡಿಸಿದಷ್ಟನ್ನೇ ಬಾಯಿಮುಚ್ಚಿಕೊಂಡು ಉಂಡು ಬಂದೆ.